ಊರ ದಾರಿಯ ಮಜಲುಗಳು

ಬೇಸಗೆಯ ರಜೆ ಸಮೀಪಿಸಿತೆಂದರೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಮೊದಲಾಗುತ್ತದೆ. ರೈಲಿನ ಟಿಕೇಟು ದೊರೆಯಿತೇ, ಜಾತ್ರೆಯ ತೇರು ಯಾವ ದಿನ, ಅಜ್ಜಿಗೆ ಏನನ್ನು ಒಯ್ಯಬೇಕು ಎಂಬ ಪ್ರಶ್ನೆಗಳ ಸಾಲಿಗೆ ಈಚಿನ ಕೆಲವು ವರ್ಷಗಳಿಂದ ಇನ್ನೊಂದು ಪ್ರಶ್ನೆಯೂ ಬಂದು ಸೇರಿದೆ: ವಿದ್ಯುತ್ ಕಾರಿನಲ್ಲಿ ಊರನ್ನು ಮುಟ್ಟಬಹುದೇ? ಇದಕ್ಕೆ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. "ಅದು ಪೇಟೆಯೊಳಗೆ ಓಡಾಡುವ ಗಾಡಿ, ನಡುದಾರಿಯಲ್ಲಿ ಕೈಕೊಟ್ಟೀತು" ಎಂದು ಕೆಲವರು ಹೆದರಿಸುತ್ತಾರೆ. "ಈಗ ಎಲ್ಲೆಲ್ಲಿಯೂ ಚಾರ್ಜಿಂಗ್ ಕೇಂದ್ರಗಳಿವೆ; ಕಣ್ಣು ಮುಚ್ಚಿ ಹೊರಡಿರಿ" ಎಂದು ಮತ್ತೆ ಕೆಲವರು ಹುರಿದುಂಬಿಸುತ್ತಾರೆ. ಹೆದರಿಸುವವರ ಮಾತನ್ನೂ ಹುರಿದುಂಬಿಸುವವರ ಮಾತನ್ನೂ ನಾವು ಒಪ್ಪಲಾರೆವು. ಲೆಕ್ಕ ಹಾಕಿ ಹೊರಟವರಿಗೆ ಊರು ಖಂಡಿತವಾಗಿ ಸಿಕ್ಕುತ್ತದೆ. ಆದರೆ ನಿಜವಾದ ಕಷ್ಟವಿರುವುದು ಹೆದ್ದಾರಿಯನ್ನು ಬಿಟ್ಟು ಹಳ್ಳಿಯ ಕಡೆಗೆ ಹೊರಳಿದ ಮೇಲಿನ ಕೊನೆಯ ಮಜಲಿನಲ್ಲಿ. ಆ ಮಜಲನ್ನು ಸರಿಪಡಿಸುವ ಕೆಲಸ ಸರಕಾರಕ್ಕೂ ಸೇರಿದ್ದು, ನಮಗೂ ಸೇರಿದ್ದು ಎಂಬುದೇ ನಮ್ಮ ಅಭಿಪ್ರಾಯ.

"ನಮ್ಮ ಮನೆಯಲ್ಲಿ ಕಾರೇ ಇಲ್ಲ, ಈ ಮಾತು ನಮಗೇಕೆ?" ಎಂದು ನಿಮ್ಮಲ್ಲಿ ಅನೇಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಮ್ಮ ಶಾಲೆಗೆ ಬರುವ ಮಕ್ಕಳ ತಂದೆಯರಲ್ಲಿ ಟ್ಯಾಕ್ಸಿ ನಡೆಸುವವರಿದ್ದಾರೆ, ಟೆಂಪೋ ನಡೆಸುವವರಿದ್ದಾರೆ, ವಿದ್ಯುತ್ತಿನ ಕೆಲಸ ಮಾಡುವವರಿದ್ದಾರೆ. ಮುಂಬಯಿಯ ಬೆಸ್ಟ್ ಬಸ್ಸುಗಳಲ್ಲಿ ಕೆಲವು ಈಗಾಗಲೇ ವಿದ್ಯುತ್ತಿನಿಂದ ಓಡುತ್ತಿರುವುದನ್ನು ನೀವು ದಿನವೂ ನೋಡುತ್ತೀರಿ. ಆ ಬಸ್ಸು ರಾತ್ರಿಯಾಯಿತೆಂದರೆ ತನ್ನ ಡಿಪೋಕ್ಕೆ ಹಿಂದಿರುಗುತ್ತದೆ. ಅಲ್ಲಿ ಅದಕ್ಕೆ ಬೇಕಾದ ವಿದ್ಯುತ್ತು ಕಾದಿರುತ್ತದೆ. ಊರಿಗೆ ಹೊರಟ ಕಾರಿಗೆ ಅಂಥ ಡಿಪೋ ಇಲ್ಲ. ಅದಕ್ಕೆ ದಾರಿಯನ್ನು ಹುಡುಕಿಕೊಡುವವರು ಬೇಕು, ಹಳ್ಳಿಯಲ್ಲಿ ಪ್ಲಗ್ಗನ್ನು ಕೂಡಿಸಿಕೊಡುವವರು ಬೇಕು. ನಾಳೆ ಆ ಚಾಲಕರೂ ಆ ಕೆಲಸಗಾರರೂ ನೀವೇ ಆಗುವಿರಿ. ಆದಕಾರಣ ಇದು ಕಾರುಳ್ಳವರ ಚಿಂತೆ ಮಾತ್ರವಲ್ಲ.

ಮಜಲು ಎಂಬ ಶಬ್ದವನ್ನು ನಾವು ಬೇಕೆಂದೇ ಬಳಸಿದ್ದೇವೆ. ನಮ್ಮ ಹಿರಿಯರು ಎತ್ತಿನ ಬಂಡಿಯಲ್ಲಿ ಜಾತ್ರೆಗೋ ದೂರದ ಸಂತೆಗೋ ಹೊರಟಾಗ ದಾರಿಯನ್ನು ಮಜಲುಗಳಾಗಿ ಹಂಚಿಕೊಳ್ಳುತ್ತಿದ್ದರು. ಎತ್ತು ಎಷ್ಟು ದೂರ ಎಳೆದೀತು, ಬಂಡಿಯನ್ನು ಎಲ್ಲಿ ಬಿಡಬೇಕು, ಯಾವ ಹಳ್ಳದಲ್ಲಿ ನೀರು ಬತ್ತಿಲ್ಲ, ಯಾವ ಊರ ಮುಂದೆ ಅರವಟ್ಟಿಗೆ ಇಟ್ಟಿದ್ದಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಮನುಷ್ಯರಿಗೆ ಬುತ್ತಿ, ಎತ್ತಿಗೆ ಮೇವು, ಎರಡನ್ನೂ ಕಟ್ಟಿಕೊಳ್ಳದೆ ಅವರು ಹೊಸ್ತಿಲು ದಾಟುತ್ತಿರಲಿಲ್ಲ. ಹೆಜ್ಜೆಹೆಜ್ಜೆಗೆ ಪೆಟ್ರೋಲ್ ಬಂಕುಗಳು ಬಂದ ಮೇಲೆ ಈ ವಿದ್ಯೆ ನಮಗೆ ಮರೆತುಹೋಯಿತು. ವಿದ್ಯುತ್ ಕಾರು ಅದನ್ನು ಮತ್ತೆ ಕಲಿಯಿರಿ ಎಂದು ಹೇಳುತ್ತಿದೆ.

ಪೆಟ್ರೋಲಿನ ಕಾರು ಹುಟ್ಟಿದಾಗ ಅದಕ್ಕೂ ಬಂಕುಗಳಿರಲಿಲ್ಲ ಎಂಬುದನ್ನು ನೆನಪಿಡಬೇಕು. 1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬರ್ಥಾ ಬೆಂಜ್ ಎಂಬ ಮಹಿಳೆ, ಕಾರನ್ನು ನಿರ್ಮಿಸಿದ ತನ್ನ ಪತಿ ಕಾರ್ಲ್ ಬೆಂಜರಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನಲ್ಲಿದ್ದ ತವರಿಗೆ ಹೊರಟಳು. ದೂರ ಸುಮಾರು 100 ಕಿಲೋಮೀಟರು. ಹಿರಿಯ ಮಗನಿಗೆ 15 ವರ್ಷ. ಎಂದರೆ ನಿಮ್ಮಲ್ಲಿ ಹತ್ತನೆಯ ಇಯತ್ತೆಯಲ್ಲಿರುವವರ ವಯಸ್ಸು. ದಾರಿಯಲ್ಲಿ ಇಂಧನ ಮುಗಿಯುತ್ತ ಬಂದಾಗ ಆಕೆ ವೀಸ್‌ಲೋಖ್ ಎಂಬ ಊರಿನ ಔಷಧದ ಅಂಗಡಿಗೆ ಹೋಗಿ, ಕಲೆ ತೆಗೆಯಲು ಬಳಸುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡು ತುಂಬಿಸಿದಳು. ಕಡಿದಾದ ಏರು ಬಂದಲ್ಲಿ ಮಕ್ಕಳು ಇಳಿದು ತಳ್ಳಿದರು. ತವರಿಗೆ ಹೊರಟವಳು ತವರನ್ನು ಮುಟ್ಟಿದಳು. ಔಷಧದ ಅಂಗಡಿಯಿಂದ ಮೊದಲಾದ ಪೆಟ್ರೋಲಿನ ದಾರಿ ಇಂದು ಎಲ್ಲಿಗೆ ಬಂದಿದೆಯೆಂಬುದನ್ನು ಬಲ್ಲ ನಾವು, ವಿದ್ಯುತ್ ಕಾರಿಗೆ ಇಂದು ದಾರಿ ಸಾಲದೆಂದು ಹಳಿಯುವುದು ತರವಲ್ಲ. ನಮ್ಮ ಬೆಂಗಳೂರಿನಲ್ಲಿಯೇ 2001ರಲ್ಲಿ ಮಾರಾಟಕ್ಕೆ ಬಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಒಮ್ಮೆ ತುಂಬಿಸಿದರೆ 80 ಕಿಲೋಮೀಟರಿನಷ್ಟು ಓಡುತ್ತಿತ್ತು. ಅಲ್ಲಿಂದ ಇಲ್ಲಿಗೆ ಬಹು ದೂರ ಬಂದಿದ್ದೇವೆ.

ಇನ್ನು ಲೆಕ್ಕಕ್ಕೆ ಬರೋಣ. ಮನೆಯ ವಿದ್ಯುತ್ ಬಿಲ್ಲಿನಲ್ಲಿ ಯೂನಿಟ್ ಎಂದು ಬರೆದಿರುವುದೂ ಕಾರಿನ ಬ್ಯಾಟರಿಯ ಮೇಲೆ ಕಿಲೋವಾಟ್-ಅವರ್ ಎಂದು ಬರೆದಿರುವುದೂ ಒಂದೇ. ಬಳಕೆಗೆ 40 ಯೂನಿಟ್ ಹಿಡಿಯುವ ಬ್ಯಾಟರಿಯುಳ್ಳ ಕಾರೊಂದನ್ನು ಉದಾಹರಣೆಗೆ ತೆಗೆದುಕೊಳ್ಳಿ. ನಾಲ್ಕು ಜನ, ಗಂಟುಮೂಟೆ, ತಂಪಿನ ಯಂತ್ರ ಇವೆಲ್ಲದರೊಡನೆ ಅದು ಹೆದ್ದಾರಿಯಲ್ಲಿ ಯೂನಿಟ್ಟಿಗೆ 6 ಕಿಲೋಮೀಟರು ಓಡುತ್ತದೆಂದು ಹಿಡಿಯೋಣ. ಗುಣಿಸಿದರೆ 240 ಕಿಲೋಮೀಟರು ಬರುತ್ತದೆ. ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಗೆ ಇಲ್ಲಿ ಇನ್ನೂ ಒಂದು ಮಾತನ್ನು ಸೇರಿಸಬೇಕು: ಹಾಸಿಗೆಯ ತುದಿಯ ತನಕ ಚಾಚಬೇಡ. ಆಪತ್ಕಾಲಕ್ಕೆಂದು ಐದನೆಯ ಒಂದು ಪಾಲನ್ನು, ಎಂದರೆ 8 ಯೂನಿಟ್ಟುಗಳನ್ನು, ಯಾವಾಗಲೂ ಮುಟ್ಟದೆ ಇಡತಕ್ಕದ್ದು. ಅಲ್ಲದೆ ದಾರಿಯ ಶೀಘ್ರ ಚಾರ್ಜರುಗಳು ಬ್ಯಾಟರಿಯನ್ನು ನೂರಕ್ಕೆ 80ರ ತನಕ ಬೇಗನೆ ತುಂಬಿಸುತ್ತವೆ. ಅಲ್ಲಿಂದ ಮುಂದಕ್ಕೆ, ಬ್ಯಾಟರಿ ಕೆಡದಿರಲೆಂದು, ವೇಗ ತಗ್ಗುತ್ತದೆ. ಆದುದರಿಂದ ದಾರಿಯಲ್ಲಿ ನೂರಕ್ಕೆ 80ರಿಂದ 20ರವರೆಗಿನ 24 ಯೂನಿಟ್ಟುಗಳು ಮಾತ್ರ ನಮ್ಮ ಕೈಯಲ್ಲಿರುವ ನಿಜವಾದ ಬುತ್ತಿ. ಅದರಿಂದ ದೊರೆಯುವ ಒಂದು ಮಜಲು 144 ಕಿಲೋಮೀಟರು. ಕಂಪನಿಯವರು ಪ್ರಕಟಿಸುವ ಅಂಕಿಗಿಂತ ಇದು ಬಹಳ ಕಡಮೆ ಎನ್ನಿಸಬಹುದು. ಪ್ರಯೋಗಶಾಲೆಯ ಅಂಕಿಗೆ ಘಾಟು, ಬಿಸಿಲು, ಇದಿರುಗಾಳಿ, ಮಾವಿನ ಬುಟ್ಟಿ ಯಾವುದೂ ಇರುವುದಿಲ್ಲ.

ಈ ಲೆಕ್ಕವನ್ನು ನಕಾಶೆಯ ಮೇಲೆ ಇಟ್ಟು ನೋಡೋಣ. ಮುಂಬಯಿಯಿಂದ ಪುಣೆ ಸುಮಾರು 150 ಕಿಲೋಮೀಟರು, ಪುಣೆಯಿಂದ ಸಾತಾರಾ 110, ಸಾತಾರಾದಿಂದ ಕೊಲ್ಹಾಪುರ 120, ಕೊಲ್ಹಾಪುರದಿಂದ ಬೆಳಗಾವಿ 110, ಬೆಳಗಾವಿಯಿಂದ ಹುಬ್ಬಳ್ಳಿ 95. ಮನೆಯಲ್ಲಿ ಪೂರ್ಣವಾಗಿ ತುಂಬಿಸಿಕೊಂಡು ಹೊರಟ ಕಾರು ಪುಣೆಯನ್ನು ಮುಟ್ಟುವಾಗ 25 ಯೂನಿಟ್ಟುಗಳನ್ನು ಖರ್ಚು ಮಾಡಿರುತ್ತದೆ. ಆದರೆ ನಡುವೆ ಖಂಡಾಲಾ ಘಾಟು ಇದೆ. ಸಮುದ್ರದ ಮಟ್ಟದಿಂದ 600 ಮೀಟರಿಗಿಂತ ಹೆಚ್ಚು ಎತ್ತರದಲ್ಲಿರುವ ಲೋಣಾವಳಾಕ್ಕೆ ಕಾರನ್ನು ಎತ್ತಬೇಕು. ಒಂಬತ್ತನೆಯ ಇಯತ್ತೆಯ ವಿಜ್ಞಾನದ ಪಾಠವನ್ನು ನೆನಪಿಸಿಕೊಳ್ಳಿ: ದ್ರವ್ಯರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸಬೇಕು. ಜನ, ಸಾಮಾನು ಸೇರಿ 1,900 ಕಿಲೋಗ್ರಾಂ ತೂಗುವ ಕಾರಿಗೆ 9.8ರಿಂದಲೂ 600ರಿಂದಲೂ ಗುಣಿಸಿದರೆ 1,11,72,000 ಜೂಲುಗಳು. ಒಂದು ಯೂನಿಟ್ಟಿಗೆ 36 ಲಕ್ಷ ಜೂಲುಗಳಂತೆ ಭಾಗಿಸಿದರೆ 3 ಯೂನಿಟ್ಟಿಗಿಂತ ತುಸು ಹೆಚ್ಚು. ಹೀಗೆ ಪುಣೆಯಲ್ಲಿ ಉಳಿಯುವುದು 12 ಯೂನಿಟ್ಟು. ಅಲ್ಲಿ 20 ಯೂನಿಟ್ಟು ತುಂಬಿಸಲು 30 ಕಿಲೋವಾಟಿನ ಯಂತ್ರಕ್ಕೆ 40 ನಿಮಿಷ ಬೇಕು. ಮುಂದೆ ಸಾತಾರಾ, ಕೊಲ್ಹಾಪುರ, ಬೆಳಗಾವಿ ಒಂದೊಂದೂ ಒಂದೊಂದು ಮಜಲು. ಸಾತಾರಾಕ್ಕೆ ಮೊದಲು ಖಂಬಾಟ್ಕಿ ಘಾಟು ಬರುತ್ತದೆ, ನಿಪ್ಪಾಣಿಯನ್ನು ದಾಟಿದ ಮೇಲೆ ತವಂದಿ ಘಾಟು ಬರುತ್ತದೆ. ಅವುಗಳಿಗೂ ಒಂದೊಂದು ಯೂನಿಟ್ಟನ್ನು ಪಕ್ಕಕ್ಕೆ ಇಡಬೇಕು. ಘಾಟನ್ನು ಇಳಿಯುವಾಗ ಮೋಟಾರೇ ಡೈನಮೋ ಆಗಿ ಖರ್ಚಾದದ್ದರಲ್ಲಿ ಒಂದಿಷ್ಟನ್ನು ಹಿಂದಕ್ಕೆ ಕೊಡುತ್ತದೆ. ಆದರೆ ಬರಬಹುದಾದ ಸಾಲವನ್ನು ನಂಬಿ ಸಂತೆ ಮಾಡುವುದು ಜಾಣತನವಲ್ಲ.

ವೇಗದ ವಿಷಯದಲ್ಲಿಯೂ ಒಂದು ಮಾತು. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಸಾರವಾಗಿ ಹೆಚ್ಚುತ್ತದೆ. ಗಂಟೆಗೆ 80 ಕಿಲೋಮೀಟರು ಹೋಗುವವನು 100ಕ್ಕೆ ಏರಿಸಿದರೆ ತಡೆಯು ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಅವಸರ ಮಾಡಿದವನು ರಸ್ತೆಯಲ್ಲಿ ಉಳಿಸಿದ ಹತ್ತು ನಿಮಿಷವನ್ನು ಚಾರ್ಜರಿನ ಮುಂದೆ ಕಳೆದುಕೊಳ್ಳುತ್ತಾನೆ. ಅಪ್ಪನೋ ಚಿಕ್ಕಪ್ಪನೋ ಕಾರು ನಡೆಸುವಾಗ ಈ ಲೆಕ್ಕವನ್ನು ಹಿಂದಿನ ಆಸನದಿಂದ ವಿನಯವಾಗಿ ಹೇಳುವ ಅಧಿಕಾರ ನಿಮಗಿದೆ.

ಇಷ್ಟಾಯಿತೆಂದರೆ ಯೋಜನೆ ಮುಗಿಯಲಿಲ್ಲ. ನಕಾಶೆಯಲ್ಲಿ ಚುಕ್ಕೆ ಕಂಡ ಮಾತ್ರಕ್ಕೆ ಅಲ್ಲಿ ವಿದ್ಯುತ್ತು ಇದೆಯೆಂದು ನಂಬಕೂಡದು. ಯಂತ್ರ ಕೆಟ್ಟಿರಬಹುದು, ಊರಿನಲ್ಲಿ ಕರೆಂಟು ಹೋಗಿರಬಹುದು, ಹೊಟೇಲಿನ ಅಂಗಳದಲ್ಲಿರುವ ಯಂತ್ರದ ಮುಂದೆ ಲಾರಿ ನಿಂತಿರಬಹುದು, ನಮಗಿಂತ ಮೊದಲು ಬಂದವರ ಕಾರು ಇನ್ನೂ ತುಂಬುತ್ತಿರಬಹುದು. ಹೊಸ ಕಾರುಗಳಲ್ಲಿ ಹೆಚ್ಚಿನವಕ್ಕೆ ಶೀಘ್ರ ಚಾರ್ಜಿಗೆ ಸಿ.ಸಿ.ಎಸ್.-2 ಎಂಬ ಬಗೆಯ ಬಾಯಿ ಇರುತ್ತದೆ. ಹಳೆಯ ಕೆಲವು ಕೇಂದ್ರಗಳ ಕೊಂಡಿ ಅದಕ್ಕೆ ಕೂಡುವುದಿಲ್ಲ. ಆದಕಾರಣ ಪ್ರತಿಯೊಂದು ಮಜಲಿಗೂ ಎರಡು ಕೇಂದ್ರಗಳನ್ನು ಗುರುತಿಸಬೇಕು. ಎರಡನೆಯದು ಮೊದಲನೆಯದರಿಂದ, ಉಳಿದಿರುವ ಯೂನಿಟ್ಟುಗಳಲ್ಲಿಯೇ ಮುಟ್ಟುವಷ್ಟು ಹತ್ತಿರವಿರಬೇಕು. ಒಂದೊಂದು ಕಂಪನಿಗೂ ಒಂದೊಂದು ಆ್ಯಪ್ ಇರುವುದರಿಂದ ಅವುಗಳಲ್ಲಿ ಹೆಸರು ನೋಂದಾಯಿಸಿ ಹಣ ತುಂಬಿಡುವ ಕೆಲಸವನ್ನು ಮನೆಯಲ್ಲಿಯೇ ಮುಗಿಸಬೇಕು. ನೆಟ್‌ವರ್ಕ್ ಸಿಗದ ಜಾಗದಲ್ಲಿ ನಿಂತು ಆ ಕೆಲಸಕ್ಕೆ ತೊಡಗುವುದು ಬಾಯಾರಿದಾಗ ಬಾವಿ ತೋಡಿದಂತೆ. ಕೇಂದ್ರಗಳ ಹೆಸರು, ದೂರ, ಫೋನಿನ ಅಂಕಿ ಇವನ್ನು ಒಂದು ಕಾಗದದ ಮೇಲೆಯೂ ಬರೆದಿಡಬೇಕು.

ಹೊರಡುವ ಮುನ್ನ ಫೋನು ಮಾಡಿ ವಿಚಾರಿಸುವುದು ಎಲ್ಲಕ್ಕಿಂತ ಮೇಲು. ಇಲ್ಲಿ ನಮ್ಮ ಶಾಲೆಯ ಮಕ್ಕಳಿಗೆ ಇತರರಿಗಿಲ್ಲದ ಅನುಕೂಲವಿದೆ. ಕಾಗಲದ ತನಕ ಮರಾಠಿಯಲ್ಲಿ ಕೇಳಬೇಕು; ನಿಪ್ಪಾಣಿಯಿಂದ ಮುಂದಕ್ಕೆ ಕನ್ನಡದಲ್ಲಿ ಕೇಳಬಹುದು. ಎರಡನ್ನೂ ನೀವು ಬಲ್ಲಿರಿ. "ಯಂತ್ರ ಚಾಲೂ ಐತೇನ್ರಿ? ಇವತ್ತ ಯಾರರೆ ಚಾರ್ಜ್ ಮಾಡ್ಯಾರೇನ್ರಿ?" ಎಂಬ ಎರಡು ಪ್ರಶ್ನೆಗಳಿಗೆ ಬರುವ ಉತ್ತರ ಫೋನಿನ ಪರದೆಯ ಹಸಿರು ಚುಕ್ಕೆಗಿಂತ ಹೆಚ್ಚು ನಂಬತಕ್ಕದ್ದು. ಕನ್ನಡ ಕಲಿತು ಏನು ಪ್ರಯೋಜನವೆಂದು ಕೇಳುವವರಿಗೆ ಇದೂ ಒಂದು ಉತ್ತರ.

ಮುಂಬಯಿಯಿಂದ ಹುಬ್ಬಳ್ಳಿಯವರೆಗಿನ 585 ಕಿಲೋಮೀಟರನ್ನು ಹೀಗೆ ದಾಟಬಹುದು. ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ. ಬೆಳಗಾವಿಯಲ್ಲಿ ರಾತ್ರಿ ತಂಗಿ, ಲಾಡ್ಜಿನವರನ್ನು ಮೊದಲೇ ಕೇಳಿಕೊಂಡು ಕಾರನ್ನು ಸಾವಕಾಶವಾಗಿ ತುಂಬಿಸಿಕೊಳ್ಳುವುದು ಲೇಸು. ಈಗ ಕೊನೆಯ ಮಜಲಿಗೆ ಬಂದೆವು. ನಿಮ್ಮ ಊರು ಹುಬ್ಬಳ್ಳಿಯಿಂದ ಗದಗಿನ ಮೇಲೆ ರೋಣ ತಾಲೂಕಿನ ಕಡೆಗೆ ಇದೆಯೆಂದೂ ಅದು 100 ಕಿಲೋಮೀಟರು ದೂರವೆಂದೂ ಹಿಡಿಯಿರಿ. ಹುಬ್ಬಳ್ಳಿಯಲ್ಲಿ 32 ಯೂನಿಟ್ಟುಗಳೊಡನೆ ಹೊರಟ ಕಾರು ಮನೆಯ ಮುಂದೆ ನಿಂತಾಗ 15 ಯೂನಿಟ್ಟುಗಳು ಉಳಿದಿರುತ್ತವೆ. ಊರು ಮುಟ್ಟಿದೆವೆಂದು ಸಂತೋಷ. ಆದರೆ ಹಿಂದಿರುಗಿ ಹುಬ್ಬಳ್ಳಿಯನ್ನು ಸೇರಲು 17 ಯೂನಿಟ್ಟು ಬೇಕು! ಹೋಗುವ ಲೆಕ್ಕ ಸರಿಯಾಯಿತು, ಬರುವ ಲೆಕ್ಕ ತಪ್ಪಿತು. ನಡುವೆ ಗದಗಿನಲ್ಲಿ ಒಂದು ಯಂತ್ರ ಸಿಕ್ಕರೂ, ಅದೊಂದನ್ನೇ ನೆಚ್ಚಿ ಕೂಡುವುದು ನಾವು ಈಗತಾನೆ ಹೇಳಿದ ಎರಡು ಕೇಂದ್ರಗಳ ನಿಯಮಕ್ಕೆ ವಿರುದ್ಧ. ವಿದ್ಯುತ್ ಕಾರಿನ ಹಳ್ಳಿಯ ಪ್ರಯಾಣದ ಗಂಟು ಇರುವುದು ಇಲ್ಲಿ. ಈ ಗಂಟನ್ನು ಬಿಡಿಸದಿದ್ದರೆ ಪೇಟೆಗೆ ಬಂದ ನಮ್ಮ ಜನರು ಹೆದ್ದಾರಿಯ ಊರುಗಳ ತನಕ ಮಾತ್ರ ಹೋಗಿ, ಒಳಗಿನ ಹಳ್ಳಿಯಲ್ಲಿ ಮುಖ ತೋರಿಸಿ ಸಂಜೆಯೊಳಗೆ ಹಿಂದಿರುಗುವ ಅತಿಥಿಗಳಾಗುತ್ತಾರೆ. ಊರಿನ ನಂಟು ಹೀಗೆಯೇ ಸವೆಯುವುದು.

ಗಂಟನ್ನು ಬಿಡಿಸುವ ಸಾಧನ ದೊಡ್ಡ ಯಂತ್ರವಲ್ಲ. ಮನೆಯ ಗೋಡೆಯಲ್ಲಿ ಒಂದು 15 ಆಂಪಿಯರಿನ ಪ್ಲಗ್ಗು. ಕಾರಿನೊಡನೆ ಬರುವ ಚಿಕ್ಕ ಚಾರ್ಜರನ್ನು ಅದಕ್ಕೆ ಸಿಕ್ಕಿಸಿದರೆ ಗಂಟೆಗೆ ಎರಡೂವರೆ ಯೂನಿಟ್ಟಿನಂತೆ ಹಿಡಿದರೂ ಹತ್ತು ಗಂಟೆಯಲ್ಲಿ 25 ಯೂನಿಟ್ಟು ಬರುತ್ತದೆ. ನಷ್ಟ ಕಳೆದರೂ 20ಕ್ಕೆ ಕಡಮೆಯಿಲ್ಲ. ಹಿಂದಿರುಗುವ ಮಜಲಿಗೆ ಇದು ಧಾರಾಳವಾಗಿ ಸಾಕು. ಆದರೆ ಆ ಪ್ಲಗ್ಗು ಪ್ಲಗ್ಗಿನಂತಿರಬೇಕು. ಹಳೆಯ ಮನೆಗಳಲ್ಲಿ ಮೂರನೆಯ ತೂತು ಇದ್ದರೂ ಅದರ ಹಿಂದೆ ತಂತಿಯೇ ಇರುವುದಿಲ್ಲ. ಅರ್ಥಿಂಗ್ ಇಲ್ಲದಿದ್ದರೆ ಕಾರಿನ ಚಾರ್ಜರು ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಅದು ಸುಮ್ಮನಾದದ್ದು ನಮ್ಮ ಪುಣ್ಯ. ಏಕೆಂದರೆ ಅದೇ ಮನೆಯಲ್ಲಿ ಒದ್ದೆಗೈಯಿಂದ ಮಿಕ್ಸರನ್ನೂ ನೀರಿನ ಮೋಟಾರನ್ನೂ ಮುಟ್ಟುವ ಅಜ್ಜಿಗೆ ಎಚ್ಚರಿಸುವ ದೀಪ ಯಾವುದೂ ಇಲ್ಲ. ಹಿತ್ತಲಿನಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ, ಸರಿಯಾದ ಅರ್ಥಿಂಗ್ ಮಾಡಿಸಿ, ದಪ್ಪ ತಂತಿಯ ಪ್ರತ್ಯೇಕ ಲೈನನ್ನು ಎಳೆಸಿದರೆ ನಮ್ಮ ಕಾರಿಗೆ ಎರಡು ರಾತ್ರಿಯ ಉಪಯೋಗ, ಮನೆಯವರಿಗೆ ವರ್ಷವಿಡೀ ರಕ್ಷಣೆ. ಊರಿಗೆ ಸೀರೆ, ಸಿಹಿತಿಂಡಿ ಒಯ್ಯುವವರು ಒಂದು ವರ್ಷ ಇದನ್ನು ಒಯ್ಯಲಿ.

ಹಳ್ಳಿಯ ವಿದ್ಯುತ್ತಿಗೆ ಅದರದೇ ಆದ ಧರ್ಮವಿದೆಯೆಂಬುದನ್ನು ಪೇಟೆಯ ಮಕ್ಕಳು ಅರಿಯಬೇಕು. ಪಂಪ್‌ಸೆಟ್ಟುಗಳಿಗೆ ಮೂರು ಫೇಸಿನ ವಿದ್ಯುತ್ತು ದಿನದ ಕೆಲವೇ ಗಂಟೆ ಬರುತ್ತದೆ. ಆ ಗಂಟೆಗಳನ್ನು ನಂಬಿ ಬೆಳೆ ನಿಂತಿರುತ್ತದೆ. ರೈತನ ಪಂಪಿನ ಲೈನಿಗೆ ಕಾರನ್ನು ಸಿಕ್ಕಿಸುವುದು ಎತ್ತಿನ ಮೇವನ್ನು ಕದ್ದಂತೆ. ಕಂಬದ ತಂತಿಗೆ ಕೊಕ್ಕೆ ಹಾಕುವುದಂತೂ 2003ರ ವಿದ್ಯುಚ್ಛಕ್ತಿ ಅಧಿನಿಯಮದ ಪ್ರಕಾರ ಶಿಕ್ಷೆಗೆ ಗುರಿಯಾದ ಕಳವು. ಸಂಜೆ ಎಲ್ಲರೂ ದೀಪ ಹಚ್ಚಿ, ಟಿ.ವಿ. ನೋಡುವ ಹೊತ್ತಿನಲ್ಲಿ ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜು ಇಳಿದಿರುತ್ತದೆ. ಆಗ ಒಂದು ಕಾರು ಮೂರು ಕಿಲೋವಾಟನ್ನು ಎಳೆಯತೊಡಗಿದರೆ ನೆರೆಮನೆಯ ಫ್ಯಾನು ನಿಧಾನವಾದೀತು. ಊರೆಲ್ಲ ಮಲಗಿದ ಮೇಲೆ, ಹತ್ತು ಗಂಟೆಯ ನಂತರ, ಚಾರ್ಜಿಗೆ ಇಡುವುದು ಸಭ್ಯತನ. ಒಂದೇ ಟಿ.ಸಿ.ಯ ಮೇಲೆ ಜಾತ್ರೆಗೆ ಬಂದ ನಾಲ್ಕಾರು ಕಾರುಗಳು ಒಟ್ಟಿಗೆ ಭಾರ ಹಾಕುವುದಾದರೆ ಲೈನ್‌ಮನ್‌ರನ್ನು ಕೇಳಿಯೇ ಮುಂದುವರಿಯಬೇಕು. ಟಿ.ಸಿ. ಸುಟ್ಟರೆ ನಾವು ಮುಂಬಯಿಗೆ ಹೊರಟುಬರುತ್ತೇವೆ. ಕತ್ತಲೆಯಲ್ಲಿ ಕೂಡುವವರು ಊರಿನವರು.

ಬಿಲ್ಲಿನ ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಕರ್ನಾಟಕದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿಯೊಂದು ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ಉಚಿತ ಯೂನಿಟ್ಟುಗಳ ಪ್ರಮಾಣವನ್ನು ಗೊತ್ತುಮಾಡಿದ್ದಾರೆ. ಅದನ್ನು ಮೀರಿದ ಯೂನಿಟ್ಟುಗಳಿಗೆ ಹಣ ತೆರಬೇಕು; ತಿಂಗಳ ಬಳಕೆ 200 ಯೂನಿಟ್ಟನ್ನು ದಾಟಿದರೆ ಇಡೀ ಬಿಲ್ಲನ್ನೇ ತೆರಬೇಕು. ನಾಲ್ಕು ರಾತ್ರಿ ಕಾರನ್ನು ತುಂಬಿಸಿದರೆ 100 ಯೂನಿಟ್ಟು ಆಗಿಬಿಡುತ್ತದೆ. ಸೊನ್ನೆ ಬಿಲ್ಲು ಬರುತ್ತಿದ್ದ ಅಜ್ಜಿಯ ಮನೆಗೆ ಮುಂದಿನ ತಿಂಗಳು ಬಿಲ್ಲು ಬಂದರೆ ಆಕೆ ಅದನ್ನು ಮಗನಿಗೆ ಫೋನು ಮಾಡಿ ಹೇಳುವವಳಲ್ಲ. ಸಕ್ಕರೆ ಡಬ್ಬಿಯ ಹಣದಿಂದ ತುಂಬುವವಳು. ಆದಕಾರಣ ಚಾರ್ಜಿಗೆ ಇಡುವ ಮುನ್ನ ಮೀಟರಿನ ಅಂಕಿಯನ್ನು ಬರೆದುಕೊಂಡು, ಹೊರಡುವ ದಿನ ಮತ್ತೆ ನೋಡಿ, ಆದ ಖರ್ಚನ್ನು ಆಕೆ ಬೇಡವೆಂದರೂ ಕೈಯಲ್ಲಿ ಇಟ್ಟು ಬರತಕ್ಕದ್ದು. ಈ ಲೆಕ್ಕವನ್ನು ಮನೆಯ ಮಕ್ಕಳೇ ಇಟ್ಟರೆ ಇನ್ನೂ ಚೆನ್ನ.

ಇಷ್ಟು ನಮ್ಮ ಕೆಲಸ. ಸರಕಾರದ ಕೆಲಸವೂ ಇದೆ. ಕರ್ನಾಟಕವು 2017ರಲ್ಲಿಯೇ ವಿದ್ಯುತ್ ವಾಹನಗಳಿಗಾಗಿ ಒಂದು ನೀತಿಯನ್ನು ಪ್ರಕಟಿಸಿ ಇತರ ರಾಜ್ಯಗಳಿಗಿಂತ ಮುಂದೆ ಹೆಜ್ಜೆಯಿಟ್ಟಿತು. ಕೇಂದ್ರದ ವಿದ್ಯುತ್ ಮಂತ್ರಾಲಯವು 2018ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯು ಹೆದ್ದಾರಿಗಳ ಎರಡೂ ಮಗ್ಗುಲಿಗೆ 25 ಕಿಲೋಮೀಟರಿಗೆ ಒಂದರಂತೆ ಕೇಂದ್ರಗಳಿರಬೇಕೆಂದು ಹೇಳಿತು. ಗುರಿ ಒಳ್ಳೆಯದೇ. ಆದರೆ ನಮ್ಮ ಜನರು ಹೆದ್ದಾರಿಯ ಮೇಲೆ ಹುಟ್ಟಿದವರಲ್ಲ. ತಾಲೂಕಿನಿಂದ ಒಳಗೆ, ಹೋಬಳಿಯಿಂದ ಆಚೆಗೆ ಹುಟ್ಟಿದವರು. ಹೆದ್ದಾರಿಯಲ್ಲಿ ಹತ್ತನೆಯ ಯಂತ್ರವನ್ನು ನಿಲ್ಲಿಸುವುದಕ್ಕೆ ಮೊದಲು ಪ್ರತಿಯೊಂದು ತಾಲೂಕಿನ ಊರಿಗೆ ಒಂದು ಯಂತ್ರ ಬರಲೆಂಬುದು ನಮ್ಮ ಬೇಡಿಕೆ. ಅಲ್ಲಿಂದ ಮುಂದಕ್ಕೆ ಹಳ್ಳಿಗಳಿಗೆ ದೊಡ್ಡ ಯಂತ್ರ ಬೇಕಿಲ್ಲ. ಮೀಟರುಳ್ಳ ಒಂದೆರಡು 15 ಆಂಪಿಯರಿನ ಪ್ಲಗ್ಗುಗಳು ಸಾಕು.

ಅವನ್ನು ಇಡುವವರು ಯಾರು? ಚಾರ್ಜಿಂಗ್ ಕೇಂದ್ರ ನಡೆಸಲು ವಿದ್ಯುತ್ತು ಮಾರುವ ಪರವಾನಗಿ ಬೇಕಿಲ್ಲವೆಂದು ಅದೇ ಮಂತ್ರಾಲಯವು 2018ರ ಏಪ್ರಿಲಿನಲ್ಲಿ ಸ್ಪಷ್ಟಪಡಿಸಿದೆ. ಹಾಗಿರುವಾಗ ದಾರಿಯ ಖಾನಾವಳಿಯವರು ಅಂಗಳದಲ್ಲಿ ಒಂದು ಪ್ಲಗ್ಗು ಇಡಬಹುದು. ಕಾರು ತುಂಬುವ ಹೊತ್ತಿಗೆ ಜನರೂ ರೊಟ್ಟಿ ಊಟ ಮಾಡಿ ಎದ್ದಾರು. ಹಳ್ಳಿಯ ಸಹಕಾರಿ ಸಂಘವೂ ಇಡಬಹುದು. ನಮ್ಮ ದೇಶದ ಮೊದಲನೆಯ ಕೃಷಿ ಪತ್ತಿನ ಸಹಕಾರಿ ಸಂಘವು 1905ರಲ್ಲಿ ಹುಟ್ಟಿದ್ದು ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ನೇತೃತ್ವದಲ್ಲಿ. ಸಾಲಕ್ಕಾಗಿ ಸಾಹುಕಾರನ ಬಾಗಿಲಿಗೆ ಹೋಗದಂತೆ ತಮ್ಮ ಹಣವನ್ನು ತಾವೇ ಕೂಡಿಹಾಕಿದ ಜನರ ನಾಡಿಗೆ ನಾಲ್ಕು ಪ್ಲಗ್ಗುಗಳನ್ನು ಕೂಡಿಸುವುದು ಅಸಾಧ್ಯವೇ? ಗದಗಿನ ಕಪ್ಪತಗುಡ್ಡದ ಕಡೆಯಲ್ಲಿ ಗಾಳಿಯಂತ್ರಗಳು ತಿರುಗುತ್ತಿರುವುದನ್ನು ನೀವು ರಜೆಯಲ್ಲಿ ನೋಡಿರಬಹುದು. ಪೆಟ್ರೋಲಿಗಾಗಿ ನಾವು ಹೊರದೇಶಗಳ ಎಣ್ಣೆಯನ್ನು ನೆಚ್ಚಿಕೊಂಡಿದ್ದೇವೆ. ವಿದ್ಯುತ್ತಿನಲ್ಲಿ ಒಂದು ಪಾಲು ನಮ್ಮ ಊರ ಗಾಳಿಯಿಂದಲೇ ಹುಟ್ಟುತ್ತದೆ. ಅದು ನಮ್ಮ ಹಳ್ಳಿಯ ಬಾಗಿಲಿಗೆ ಬರುವುದು ನ್ಯಾಯವೇ ಸರಿ.

"ಇಷ್ಟೆಲ್ಲ ಮಾಡಿದರೂ ರಾತ್ರಿಯೆಲ್ಲ ಕಾಯಬೇಕಲ್ಲ; ಹತ್ತು ಗಂಟೆ ವ್ಯರ್ಥ" ಎಂದು ಕೆಲವರು ಗೊಣಗುತ್ತಾರೆ. ನಾವು ಅದನ್ನು ವ್ಯರ್ಥವೆಂದು ಎಣಿಸುವುದಿಲ್ಲ. ಮೋಟಾರುಗಳು ಬಂದ ಮೇಲೆ ಊರಿಗೆ ಹೋಗುವುದು ಸುಲಭವಾಯಿತು. ಅದಕ್ಕಿಂತ ಸುಲಭವಾದದ್ದು ಊರಿನಿಂದ ಹಿಂದಿರುಗುವುದು. ಬೆಳಿಗ್ಗೆ ಬಂದವರು ಚಹ ಕುಡಿದು, ದೇವರಿಗೆ ಕಾಯಿ ಒಡೆಸಿ, ಸಂಜೆಗೆ ಗಾಡಿ ತಿರುಗಿಸುತ್ತಾರೆ. "ಒಂದ್ ರಾತ್ರಿ ಇದ್ದು ಹೋಗೋ ಯಪ್ಪಾ" ಎಂದು ಹೊಸ್ತಿಲಲ್ಲಿ ನಿಂತು ಹೇಳುವ ಮಾತು ಎಷ್ಟು ಮನೆಗಳಲ್ಲಿ ಗಾಡಿಯ ಧೂಳಿನಲ್ಲಿ ಕಳೆದುಹೋಗಿಲ್ಲ! ಮನೆಯ ಪ್ಲಗ್ಗಿನಿಂದ ತುಂಬುವ ಕಾರು ಆ ಮಾತನ್ನು ಕೇಳಿಸಿಕೊಳ್ಳುತ್ತದೆ. ಅದು ತುಂಬುವ ತನಕ ನಾವು ಉಳಿಯಲೇಬೇಕು. ಆ ಹತ್ತು ಗಂಟೆಯಲ್ಲಿ ಅಜ್ಜ ಹೇಳುವ ಹೊಲದ ಕಥೆಗೆ ಕಿವಿಯಿದೆ, ಸೋದರಮಾವನ ಮಕ್ಕಳೊಡನೆ ಅಂಗಳದ ಮಲಗಾಟವಿದೆ, ಪುಸ್ತಕದಲ್ಲಿ ಸಿಗದ ಕನ್ನಡದ ಮಾತುಗಳಿವೆ. ಯಂತ್ರವೊಂದರ ಕೊರತೆಯು ಇಂಥ ಲಾಭವನ್ನು ತರುವುದಾದರೆ ಅದನ್ನು ಕೊರತೆಯೆಂದು ಕರೆಯಲು ನಮಗೆ ಮನಸ್ಸಿಲ್ಲ.

ವಿದ್ಯಾರ್ಥಿಗಳೇ, ಈ ಬೇಸಗೆಗೆ ನಿಮಗೊಂದು ಕೆಲಸವನ್ನು ಒಪ್ಪಿಸುತ್ತೇವೆ. ಮನೆಯಲ್ಲಿ ಕಾರಿರಲಿ ಇಲ್ಲದಿರಲಿ, ಮುಂಬಯಿಯಿಂದ ನಿಮ್ಮ ಊರಿನ ತನಕ ದಾರಿಯ ನಕಾಶೆಯನ್ನು ಬರೆಯಿರಿ. ಸೊಲ್ಲಾಪುರದ ಮೇಲೆ ವಿಜಯಪುರಕ್ಕೆ ಹೋಗುವವರು ಆ ದಾರಿಯನ್ನು, ಕರಾವಳಿಯ ಮೇಲೆ ಉಡುಪಿಗೆ ಹೋಗುವವರು ಆ ದಾರಿಯನ್ನು ಬರೆಯಿರಿ. ಮಜಲುಗಳನ್ನು ಗುರುತಿಸಿ, ಘಾಟುಗಳ ಎತ್ತರವನ್ನು ಹುಡುಕಿ, ಯೂನಿಟ್ಟುಗಳನ್ನು ಕೂಡಿ ಕಳೆಯಿರಿ. ಊರು ಮುಟ್ಟಿದ ಮೇಲೆ ಅಜ್ಜನ ಮನೆಯ ಪ್ಲಗ್ಗಿಗೆ ಅರ್ಥಿಂಗ್ ಇದೆಯೇ ಎಂದು ಬಲ್ಲವರಿಂದ ಪರೀಕ್ಷೆ ಮಾಡಿಸಿರಿ, ನೀವು ಕೈಹಾಕಬೇಡಿರಿ. ಸಹಕಾರಿ ಸಂಘದವರಲ್ಲಿ, ಪಂಚಾಯತಿಯವರಲ್ಲಿ ಒಂದು ಪ್ಲಗ್ಗಿನ ಮಾತನ್ನು ಎತ್ತಿರಿ. ಗಣಿತ, ಭೂಗೋಲ, ವಿಜ್ಞಾನ, ಕನ್ನಡ ಎಂಬ ನಾಲ್ಕು ವಿಷಯಗಳು ಒಂದೇ ದಾರಿಯಲ್ಲಿ ಕೂಡುವುದನ್ನು ನೀವೇ ಕಾಣುವಿರಿ. ಊರಿನ ದಾರಿ ಉಳಿಯಬೇಕಾದರೆ ಅದನ್ನು ಅಳೆಯುವವರು ಬೇಕು. ಆ ಅಳತೆಯನ್ನು ನಿಮ್ಮ ಕೈಗೆ ಕೊಟ್ಟಿದ್ದೇವೆ.